‘ಜನ’ ಅಂದರೆ ಯಾರ್ಯಾರು, ಹೆಸರು ಬರೆದು ಕಳಿಸಿ

ಈ ತಿಂಗಳು ಬಂದ ಪತ್ರಗಳನ್ನು ಅಡುಗೆಮನೆ ಕಟ್ಟೆ ಮೇಲೆ ಹರಡಿಕೊಂಡು ಓದಿದೆ. ಬಳ್ಳಾರಿಯಲ್ಲಿ ಈಗ ಮಧ್ಯಾಹ್ನ ಫ್ಯಾನು ಕೂಡ ಬಿಸಿ ಗಾಳಿಯನ್ನೇ ಬೀಸುತ್ತದೆ, ಓದುವುದು ಬಿಟ್ಟರೆ ಬೇರೆ ಕೆಲಸ ಆಗುವುದಿಲ್ಲ. ಆರು ಪತ್ರ ಆರಿಸಿದ್ದೇನೆ. ಊರು ಬೇರೆ, ವಯಸ್ಸು ಬೇರೆ, ತೊಂದರೆಯೂ ಬೇರೆ. ಆದರೆ ಹೆಚ್ಚು ಕಡಿಮೆ ಎಲ್ಲದರಲ್ಲೂ ಒಂದು ಸಾಲು ಮಾತ್ರ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದ ಹಾಗಿದೆ: ಜನ ಏನಂತಾರೋ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಅಕ್ಕ, ನನಗೆ 44. ಮನೆಯವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಹೊಲಿಗೆ ಹಾಕಿ, ಮನೆ ಮುಂದೆ ಸಣ್ಣ ಕಿರಾಣಿ ಅಂಗಡಿ ಇಟ್ಟು ಮಗಳನ್ನು ಓದಿಸಿದೆ. ಈಗ ಅವಳ ಮದುವೆ ಗೊತ್ತಾಗಿದೆ. ಅರಿಶಿನ ಹಚ್ಚುವುದು, ಉಡಿ ತುಂಬುವುದು ಎಲ್ಲಾ ನನ್ನ ನೆಗೆಣ್ಣಿ ಮಾಡಲಿ, ನೀನು ಮುಂದೆ ಬರಬೇಡ ಅಂತ ಹಿರಿಯರು ಹೇಳಿದ್ದಾರೆ. ಮಗಳು ಅಳುತ್ತಾಳೆ. ನಾನು ಹಠ ಮಾಡಿದರೆ ಅಪಶಕುನ ಅಂತ ಜನ ಮಾತಾಡುತ್ತಾರೆ ಅಲ್ವಾ? ಏನು ಮಾಡಲಿ? — ಗಂಗಾವತಿ

ಹಚ್ಚಿ.

ಉತ್ತರ ಇಷ್ಟೇ. ಆದರೆ ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅದಕ್ಕೂ ಮೊದಲು ನನ್ನ ಅವ್ವನ ವಿಷಯ ಹೇಳಬೇಕು.

ಅವ್ವನಿಗೆ 37 ಇದ್ದಾಗ ಅಪ್ಪ ಹೋದರು. ಅದಾದ ಮೇಲೆ ನಮ್ಮ ಮನೆತನದಲ್ಲಿ ಎಷ್ಟು ಮದುವೆ ಆದವೋ ಅಷ್ಟಕ್ಕೂ ಅವ್ವನಿಗೆ ಒಂದೇ ಕೆಲಸ, ಉಗ್ರಾಣ ನೋಡಿಕೊಳ್ಳುವುದು. ಬೆಳಿಗ್ಗೆಯೇ ಬೀಗದ ಕೈ ತಂದು ಅವಳ ಕೈಗೆ ಕೊಡುತ್ತಿದ್ದರು. “ನೀ ಕುಂತ್ರ ಒಂದು ಲಾಡು ಆಚೀಚೆ ಆಗಂಗಿಲ್ಲ ನೋಡವ್ವಾ” ಅಂತ ಹೊಗಳುತ್ತಿದ್ದರು. ನನಗೆ ಬಹಳ ವರ್ಷ ಅದು ಅವ್ವನಿಗೆ ಕೊಡುವ ಮರ್ಯಾದೆ ಅಂತಲೇ ಅನಿಸಿತ್ತು. ಕಂಪ್ಲಿಯಲ್ಲಿ ನಮ್ಮ ಅಕ್ಕನ ಮದುವೆ. ಇನ್ನೇನು ಅಕ್ಷತೆ ಬೀಳಬೇಕು, ನಾನು ಅವ್ವನನ್ನು ಕರೆಯೋಕೆ ಒಳಗೆ ಓಡಿದೆ. ಅವಳು ಉಗ್ರಾಣದ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದಳು. ಕೈಯಲ್ಲಿ ಒಂದು ಹಿಡಿ ಅಕ್ಷತೆ, ಯಾವುದೋ ಹುಡುಗ ಗೊತ್ತಿಲ್ಲದೆ ಕೊಟ್ಟು ಹೋಗಿದ್ದ. ಹೊರಗೆ ಗಟ್ಟಿಮೇಳ ಆಯಿತು, ಅವ್ವ ಆ ಸಂದಿಯಿಂದಲೇ ಅಕ್ಷತೆ ಹಾಕಿದಳು. ಬಾಗಿಲಿಗೆ ಬಡಿದು ಎಲ್ಲಾ ಒಳಗೇ ಬಿತ್ತು. ಆಮೇಲೆ ಕೂತು, ಒಂದೊಂದೇ ಕಾಳು ಆರಿಸಿ, ಬೀಗದ ಕೈ ಕಟ್ಟಿದ್ದ ಸೆರಗಿನ ಗಂಟಿಗೇ ಹಾಕಿಕೊಂಡಳು.

ನಿಮಗೂ ಆ ಬೀಗದ ಕೈ ಕೊಡಲು ಬರುತ್ತಾರೆ. ತಗೋಬೇಡಿ.

ಈಗ ಹೇಗೆ ಅನ್ನುವುದು. ಮದುವೆ ದಿನ ಬೆಳಿಗ್ಗೆ ಜಗಳ ಆಡಬೇಡಿ, ಅವತ್ತು ಯಾರ ತಲೆಯೂ ನೆಟ್ಟಗೆ ಇರುವುದಿಲ್ಲ, ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹದಿನೈದು ದಿನ ಮೊದಲೇ ಬೀಗಿತ್ತಿಗೆ ನೀವೇ ಫೋನ್ ಮಾಡಿ. ‘ಗಂಡಿನ ಕಡೆಯವರು ಒಪ್ಪಲ್ಲ’ ಅಂತ ನಮ್ಮ ಕಡೆಯವರೇ ಹೇಳಿರುತ್ತಾರೆ, ಗಂಡಿನ ಕಡೆಯವರಿಗೆ ಆ ವಿಷಯವೇ ಗೊತ್ತಿರುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶಾಸ್ತ್ರಕ್ಕೆ ಬರುವ ಅಯ್ಯನೋರಿಗೂ ಮೊದಲೇ ಹೇಳಿ, “ಮೊದಲ ಅರಿಶಿನ ತಾಯಿದು” ಅಂತ. ಅಪ್ಪಣೆ ಕೇಳಬೇಡಿ, ವಿಷಯ ತಿಳಿಸಿ. ನೆಗೆಣ್ಣಿ ಜೊತೆ ಮನಸ್ತಾಪ ಬೇಡ, ಅವರೂ ಹಚ್ಚಲಿ. ಬಟ್ಟಲು ಮಾತ್ರ ನಿಮ್ಮ ಕೈಯಲ್ಲಿರಲಿ. ಕೈಯಿಂದ ಬಟ್ಟಲು ಕಿತ್ತುಕೊಳ್ಳಲು ಯಾರೂ ಬರುವುದಿಲ್ಲ, ಎದುರಿಗೆ ವಿಡಿಯೋದವನು ನಿಂತಿರುತ್ತಾನಲ್ಲ.

ಮಗಳು ಅಳುತ್ತಾಳೆ ಅಂದಿರಿ. ಅಳುವುದು ಬಿಟ್ಟು ಅವಳು ಒಂದು ಮಾತು ಹೇಳಬೇಕು: ಅವ್ವ ಹಚ್ಚದೆ ನಾನು ಮಣೆ ಮೇಲೆ ಕೂರಲ್ಲ. ಅವಳಿಗೆ ಇದು ಕಲಿಸಿ. ಮುಂದೆ ಅತ್ತೆ ಮನೆಯಲ್ಲೂ ಬೇಕಾಗುತ್ತದೆ.

ಇನ್ನು ಅಪಶಕುನ. ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ. ಕಾನೂನಿನ ಮಾತು ಬಿಡಿ, ನಮ್ಮ ಕಡೆ ಎಷ್ಟೋ ಸಮುದಾಯಗಳಲ್ಲಿ ಉಡಿಕೆ, ಸೀರುಡಿಕೆ ಅಂತ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ಪದ್ಧತಿ ಹಿಂದಿನಿಂದಲೇ ಇತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಗೇ ಇಲ್ಲದ ಅಡ್ಡಿ ಈಗ ಒಂದು ಬಟ್ಟಲು ಅರಿಶಿನಕ್ಕೆ ಬಂತಾ? ನಿಮ್ಮ ಅಂಗಡಿ ದುಡ್ಡಿನಲ್ಲಿ ತಂದ ತಾಳಿಗೆ ಅಪಶಕುನ ಇಲ್ಲ, ಚಪ್ಪರಕ್ಕೆ ಇಲ್ಲ, ಆ ಹಿರಿಯರು ಉಣ್ಣುವ ಊಟಕ್ಕಂತೂ ಇಲ್ಲವೇ ಇಲ್ಲ.

ಹಿರಿಯರು ಅಂದಿದ್ದೀರಿ. ಎಷ್ಟು ಜನ? ಒಂದು ಹಾಳೆ ತಗೊಂಡು ಹೆಸರು ಬರೆಯಿರಿ. ಮೂರೋ ನಾಲ್ಕೋ ಆಗುತ್ತವೆ, ಅದರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ. ಉಳಿದವರಲ್ಲಿ ಒಬ್ಬರನ್ನಾದರೂ ಒಲಿಸಿಕೊಳ್ಳಬಹುದಾ ನೋಡಿ. ಒಬ್ಬರು ಸಾಕು.

ಹೂವನ್ನೂ ಮುಡಿದುಕೊಳ್ಳಿ. ಅದನ್ನು ನೀವು ಕೇಳಲಿಲ್ಲ, ನಾನೇ ಹೇಳಿದೆ.

ಮೇಡಂ, ನಾನು ರಾಯಚೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಫ್ರೀ ಬಸ್ ಬಂದ ಮೇಲೆ ನನ್ನ ಹೆಂಡತಿ ತಿಂಗಳಿಗೆ ಒಂದು ಸಲ ಒಬ್ಬಳೇ ಎಲ್ಲಿಗಾದರೂ ಹೋಗಿ ಸಂಜೆ ಬರುತ್ತಾಳೆ. ಒಮ್ಮೆ ಹುಲಿಗಿ, ಒಮ್ಮೆ ಕೂಡಲಸಂಗಮ, ಹೋದ ತಿಂಗಳು ಮಸ್ಕಿ. ನನ್ನನ್ನು ಕರೆಯುವುದಿಲ್ಲ. ಅಂಗಡಿಗೆ ಬರುವ ಜನ “ಏನು ಸಾವ್ಕಾರ್ರ, ಮನಿಯವ್ರು ಕಂಡಕ್ಟರ್ ಆಗ್ಯಾರೇನು” ಅಂತ ನಗುತ್ತಾರೆ. ಅವಳಿಗೆ ಹೇಗೆ ತಿಳಿಸಿ ಹೇಳಲಿ? — ರಾಯಚೂರು

ತಮ್ಮಾ, ಪತ್ರದಲ್ಲಿ ಸಿಟ್ಟಿಗಿಂತ ಬೇಜಾರು ಜಾಸ್ತಿ ಇದೆ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆ. ಮಸ್ಕಿಯಲ್ಲಿ ಅವರು ಏನು ನೋಡಿದರು ಅಂತ ಕೇಳಿದಿರಾ? ಪತ್ರದಲ್ಲಿ ಅದಿಲ್ಲ. ಗೊಬ್ಬರದ ವ್ಯಾಪಾರಕ್ಕೆ ನೀವು ಮಸ್ಕಿ ದಾಟಿ ನೂರು ಸಲ ಹೋಗಿರುತ್ತೀರಿ. ಅಲ್ಲಿ ಗುಡ್ಡದಲ್ಲಿ ಅಶೋಕನ ಶಾಸನ ಇದೆ. ಬೇರೆ ಕಡೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಬರುತ್ತಿತ್ತು, ಆ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು 1915ರಲ್ಲಿ ಈ ಮಸ್ಕಿ ಶಾಸನ ಸಿಕ್ಕಾಗ, ಇದರಲ್ಲಿ ಹೆಸರೇ ಇತ್ತು. ನಿಮ್ಮ ಜಿಲ್ಲೆಯದ್ದೇ ಕಲ್ಲು. ನೀವು ನೋಡಿಲ್ಲ, ಅವರು ನೋಡಿ ಬಂದರು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಒಂದು ಹೊಸ ದೃಶ್ಯ ನೋಡುತ್ತಿದ್ದೇನೆ. ಕೈಚೀಲ ಇಲ್ಲದ, ಮಗು ಇಲ್ಲದ, ಆಸ್ಪತ್ರೆ ಚೀಟಿಯೂ ಇಲ್ಲದ ಹೆಂಗಸರು, ಕಿಟಕಿ ಪಕ್ಕ ಸುಮ್ನೆ ಕೂತು ಹೋಗುತ್ತಿರುತ್ತಾರೆ. ಮೊದಲು ನಾವು ಊರು ಬಿಡಬೇಕಾದರೆ ಒಂದು ಕಾರಣ ಬೇಕಿತ್ತು. ಬಾಣಂತನ, ಸಾವು, ಮದುವೆ, ಜಾತ್ರೆ. ನೀವು ಸಂಜೆ ಸರ್ಕಲ್‌ನಲ್ಲಿ ಚಹಾ ಕುಡಿಯೋಕೆ ಹೋಗುವಾಗ ಯಾವ ಕಾರಣ ಹೇಳಿ ಹೋಗುತ್ತೀರಿ? ಅದು ನಿಮ್ಮ ದಿನದ ಮಸ್ಕಿ. ಅವರದ್ದು ತಿಂಗಳಿಗೊಂದು.

ಕರೆಯುವುದಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನೀವು ಜೊತೆಗಿದ್ದರೆ ಬುತ್ತಿ ಕಟ್ಟಬೇಕು, ನಿಮಗೆ ಹಸಿವಾಯಿತಾ ಅಂತ ನೋಡಬೇಕು, ನಿಮಗೆ ಸಾಕಾದಾಗ ಹೊರಡಬೇಕು. ಒಂದು ದಿನ ಯಾರ ಹಸಿವೂ ನೋಡದೆ ಇರಬೇಕು ಅನಿಸುತ್ತದೆ, ಅಷ್ಟೇ. ತಿಳಿಸಿ ಹೇಳಬೇಕಾದದ್ದು ಅವರಿಗಲ್ಲ, ಅಂಗಡಿಗೆ ಬರುವ ಆ ಗಿರಾಕಿಗೆ. “ಹೌದು, ಮುಂದಿನ ಸಲ ನಿಮ್ಮ ಮನಿಯವ್ರನ್ನೂ ಕಳಸ್ರಿ” ಅನ್ನಿ, ನಗು ನಿಲ್ಲುತ್ತದೆ.

ಹಾಂ, ಮಂತ್ರಾಲಯ ಎಷ್ಟೇ ಹತ್ತಿರ ಇದ್ದರೂ ಅದು ಆಂಧ್ರ. ಫ್ರೀ ನಮ್ಮ ರಾಜ್ಯದೊಳಗೆ ಮಾತ್ರ. ಆ ಟಿಕೆಟ್ ದುಡ್ಡು ನೀವು ಕೊಡಿ.

ಬಾಬ್ ಕಟ್ ಮಾಡಿಸಿಕೊಂಡೆ. ಅವ್ವ ಮೂರು ವಾರದಿಂದ ಮಾತಾಡಿಲ್ಲ. ನನಗೆ 20. ತಪ್ಪಾ? — ಸಿಂಧನೂರು

ತಪ್ಪಲ್ಲ. ನಿನ್ನ ತಲೆ, ನಿನ್ನ ಕೂದಲು. ಆದರೆ ಇಪ್ಪತ್ತು ವರ್ಷ ಪ್ರತಿ ಭಾನುವಾರ ಎಣ್ಣೆ ಹಚ್ಚಿ ಬೆಳೆಸಿದ ಕೈ ಅವರದ್ದು, ಆ ಕೈಗೆ ಈಗ ಕೆಲಸ ಇಲ್ಲ. ಈ ಭಾನುವಾರ ಎಣ್ಣೆ ಬಟ್ಟಲು ಹಿಡಿದು ನೀನೇ ಹೋಗಿ ಅವರ ಮುಂದೆ ಕೂತುಕೋ. ಮೊದಲು ಬೈಯುತ್ತಾರೆ, ಆಮೇಲೆ ಹಚ್ಚುತ್ತಾರೆ. ಎಣ್ಣೆ ಎಷ್ಟು ಕಡಿಮೆ ಸಾಕಾಯಿತು ಅನ್ನುವುದು ಅವರಿಗೇ ಗೊತ್ತಾಗುತ್ತದೆ.

ಅಕ್ಕಾ, ನಾನು ಮಾನ್ವಿಯವಳು, 23. ಬೆಂಗಳೂರಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳಾಯಿತು. “ನಾ ಹೊಂಟೀನ್ರೀ” ಅಂದರೆ ಆಫೀಸಿನವರು ನಗುತ್ತಾರೆ, ಇನ್ನೊಮ್ಮೆ ಹೇಳು ಅಂತ ಹೇಳಿಸುತ್ತಾರೆ. ನಡೆಯುವುದು, ನಗುವುದು ಎಲ್ಲಾ ಜೋರು ಅಂತಾರೆ. ಈಗ ಮೀಟಿಂಗ್‌ನಲ್ಲಿ ಬಾಯಿಯೇ ತೆರೆಯುವುದಿಲ್ಲ. ನಾನು ನಾನಾಗಿಯೇ ಇರಬೇಕಾ, ಬದಲಾಗಬೇಕಾ? — ಮಾನ್ವಿ, ಈಗ ಬೆಂಗಳೂರು

ತಂಗೀ, ನಮ್ಮೂರ ಬೀದಿಯಲ್ಲಿ ಬೆಳೆದವಳಿಗೆ ಒಂದೇ ಮಾತು ಇರುತ್ತದಾ? ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತೆಲುಗು, ಸಂತೆಯಲ್ಲಿ ಉರ್ದು. ಮೂರು ಮಾತನ್ನು ಬಾಯಲ್ಲಿಟ್ಟುಕೊಂಡು ಬೆಳೆದವಳು ನೀನು. ಅದಕ್ಕೆ ಬೆಂಗಳೂರಿನದ್ದು ನಾಲ್ಕನೆಯದಾಗಿ ಸೇರಲಿ, ತಪ್ಪೇನಿಲ್ಲ, ಕೆಲಸಕ್ಕೆ ಬರುತ್ತದೆ. ಅದನ್ನು ಬದಲಾಗುವುದು ಅನ್ನಬೇಡ. ಮೀಟಿಂಗ್‌ನಲ್ಲಿ ಬಾಯಿ ಮುಚ್ಚಿದೆಯಲ್ಲ, ಅದು ಬದಲಾದದ್ದು. ಅದು ಬೇಡ.

ಮಂಜಮ್ಮ ಜೋಗತಿ ಗೊತ್ತಲ್ವಾ? ನಮ್ಮ ಕುರುಗೋಡು ಹತ್ತಿರದ ಕಲ್ಲುಕಂಬದವರು. ಗಂಡಾಗಿ ಹುಟ್ಟಿ, ತಾನು ಹೆಣ್ಣು ಅಂತ ಗೊತ್ತಾಗಿ, ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತವರು. ಆಮೇಲೆ ಕರ್ನಾಟಕ ಜಾನಪದ ಅಕಾಡೆಮಿಗೇ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ರಾಷ್ಟ್ರಪತಿ ಭವನಕ್ಕೆ ಹೋದರು. ಅಲ್ಲಿ ಏನೇನು ಶಿಸ್ತು, ಎಲ್ಲಿ ನಿಲ್ಲಬೇಕು, ಎಷ್ಟು ಹೆಜ್ಜೆ ಇಡಬೇಕು, ಎಲ್ಲಾ ಮೊದಲೇ ಹೇಳಿಕೊಟ್ಟಿರುತ್ತಾರೆ. ಇವರು ರಾಷ್ಟ್ರಪತಿಗಳ ಮುಂದೆ ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ನಮ್ಮ ಓಣಿಯಲ್ಲಿ ಮಕ್ಕಳಿಗೆ ತೆಗೆಯುತ್ತಾರಲ್ಲ, ಹಾಗೇ. ಆ ವಿಡಿಯೋ ಹುಡುಕಿ ನೋಡು. ಅಲ್ಲಿದ್ದ ಅಷ್ಟೂ ಜನರ ಮುಖ ನೋಡು. ಯಾರೂ ಗೇಲಿ ಮಾಡುತ್ತಿಲ್ಲ.

ನಿನ್ನ ಆಫೀಸಿನವರದ್ದು ಎಲ್ಲವೂ ಕೆಟ್ಟ ನಗು ಅಂತ ನನಗೆ ಅನಿಸುವುದಿಲ್ಲ. ಕೆಲವರಿಗೆ ಕೇಳೋಕೆ ಖುಷಿ, ಕೆಲವರಿಗೆ ಚೇಷ್ಟೆ. ಇನ್ನೊಮ್ಮೆ ಹೇಳು ಅಂದರೆ “ಒಂದು ಸಲಕ್ಕೆ ಹತ್ತು ರೂಪಾಯಿ ಆಗ್ತೈತ್ರೀ” ಅನ್ನು. ಖುಷಿಗೆ ಕೇಳುವವರು ಹತ್ತು ರೂಪಾಯಿ ಕೊಡುತ್ತಾರೆ, ಚೇಷ್ಟೆಯವರು ಜಾರಿಕೊಳ್ಳುತ್ತಾರೆ. ಯಾರು ಯಾರು ಅಂತ ಗೊತ್ತಾಯಿತಲ್ಲ.

ಮುಂದಿನ ಮೀಟಿಂಗ್‌ನಲ್ಲಿ ಒಂದೇ ಒಂದು ಮಾತಾದರೂ ಆಡು. ಆಡಿ ಬರೆದು ಕಳಿಸು.

ಅಕ್ಕ, ನಾವು ಇಬ್ಬರು ಹೆಣ್ಣುಮಕ್ಕಳು, ಒಬ್ಬ ತಮ್ಮ. ಅಪ್ಪ ಹೋಗಿ ಎರಡು ವರ್ಷ. ಅಜ್ಜನ ಕಾಲದ ಒಂಬತ್ತು ಎಕರೆ ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕು ಅಂತ ತಮ್ಮ ಹೇಳುತ್ತಿದ್ದಾನೆ. ಅಕ್ಕ ಒಪ್ಪಿದ್ದಾಳೆ. ನಾನು ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತು ಅಂತ ತಿಳ್ಕೋ ಅಂತಾನೆ. ಮನೆಯವರು “ಬಿಡು, ತವರಿನ ಆಸ್ತಿಗೆ ಆಸೆಪಟ್ಟರು ಅಂತ ಜನ ಅಂತಾರೆ” ಅಂತಾರೆ. ನನಗೆ ಮಾತ್ರ ಒಳಗೆ ಒಪ್ಪುತ್ತಿಲ್ಲ. — ಯಲಬುರ್ಗಾ ತಾಲೂಕು

ಸಹಿ ಹಾಕಬೇಡಿ. ಕೊನೆಗೆ ಬಿಟ್ಟುಕೊಡುವುದೇ ನಿಮ್ಮ ಮನಸ್ಸಾದರೂ ಈಗ ಹಾಕಬೇಡಿ. ಹೆದರಿಸಿದಾಗ ಹಾಕಿದ ಸಹಿ ಜೀವನ ಪೂರ್ತಿ ಚುಚ್ಚುತ್ತದೆ.

ಯಾಕೆ ಗೊತ್ತು ಅಂದರೆ, ನಾನು ಹಾಕಿದವಳು. ಸಹಿ ಮುಗಿಸಿ ಹೊರಗೆ ಬಂದಾಗ ಅಣ್ಣ ಆಫೀಸಿನ ಎದುರಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದ. ಬಿಸಿ ಇತ್ತು, ಚೆನ್ನಾಗಿಯೂ ಇತ್ತು. ಅದು ನನ್ನ ಪಾಲು. ತವರಿನ ಬಾಗಿಲು ತೆರೆದೇ ಇದೆ, ಸುಳ್ಳು ಹೇಳಬಾರದು. ಆದರೆ ಹೋದ ದಿನವೇ “ಎಂದು ಹೋಗ್ತೀರಿ” ಅಂತ ಕೇಳುತ್ತಾರೆ.

ಕಾನೂನು ಏನಿದೆ ಅಂತ ನೋಡಿ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಅಂತ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಜಾರಿಯಾದ ತಿದ್ದುಪಡಿಯಲ್ಲಿ ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಮಗಳು ಹುಟ್ಟಿನಿಂದಲೇ ಮಗನ ಹಾಗೆ ಪಾಲುದಾರಳು. ಆ ದಿನಕ್ಕೆ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿಯೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮತ್ತೆ ಕೆದಕೋಕೆ ಬರುವುದಿಲ್ಲ. ನಿಮ್ಮದು ಹಾಗೆ ಕಾಣುವುದಿಲ್ಲ.

ಮೊದಲು ಪಹಣಿ ತೆಗೆಸಿ, ಈಗ ಯಾರ ಹೆಸರಲ್ಲಿದೆ ನೋಡಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸೋಕೆ, ತಮ್ಮ ಅರ್ಜಿ ಕೊಟ್ಟಿದ್ದಾನಾ ವಿಚಾರಿಸಿ. ವಂಶವೃಕ್ಷ ಮಾಡಿಸಿದ್ದರೆ ಅದರಲ್ಲಿ ನಿಮ್ಮಿಬ್ಬರ ಹೆಸರು ಇದೆಯಾ ನೋಡಿ, ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಹೆಣ್ಣು ಕೊಂಬೆಗಳೇ ಇರುವುದಿಲ್ಲ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ ಕೊಪ್ಪಳದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಅಲ್ಲಿ ಉಚಿತ, ಆದಾಯ ಎಷ್ಟು ಅಂತಲೂ ಕೇಳುವ ಹಾಗಿಲ್ಲ. ಅಲ್ಲಿಗೆ ಹೋದರೆ ತಮ್ಮನ ಮೇಲೆ ಕೇಸು ಹಾಕಿದಂತೆ ಅಲ್ಲ, ಕೂರಿಸಿ ಮಾತಾಡಿಸುವ ದಾರಿಯೂ ಇದೆ.

ತಮ್ಮನಿಗೆ ಹೀಗೆ ಹೇಳಿ ನೋಡಿ: ನನ್ನ ಪಾಲು ನನ್ನ ಹೆಸರಲ್ಲಿ ಇರಲಿ, ಹೊಲ ನೀನೇ ಮಾಡು, ವರ್ಷಕ್ಕೆ ಲಾವಣಿ (ಗೇಣಿ) ಕೊಡು. ಹೊಲ ಕೈ ಬಿಡುತ್ತದೆ ಅನ್ನುವ ಭಯಕ್ಕೇ ಅವನು ಕೂಗಾಡುತ್ತಿದ್ದರೆ ಇದಕ್ಕೆ ಒಪ್ಪಬಹುದು. ಒಪ್ಪದೆಯೂ ಇರಬಹುದು. ಒಂದೆರಡು ಪಂಚಮಿಗೆ ಕರೆಯೋಕೆ ಬರುವುದಿಲ್ಲ, ಉಂಡಿ ಡಬ್ಬಿ ಬರುವುದಿಲ್ಲ. ಓಣಿಯಲ್ಲಿ ಎಲ್ಲರೂ ತವರಿಗೆ ಹೊರಟು ನೀವೊಬ್ಬರೇ ಉಳಿದಾಗ ನೋವಾಗುತ್ತದೆ, ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆ ದಿನಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸಾಧ್ಯವಾದರೆ ಅಕ್ಕನ ಜೊತೆ ಇನ್ನೊಮ್ಮೆ ಮಾತಾಡಿ, ತಮ್ಮ ಇಲ್ಲದಾಗ.

‘ಆಸೆಪಟ್ಟರು’ ಅನ್ನುವ ಆ ಜನರಲ್ಲಿ ನಿಮ್ಮ ತಮ್ಮನನ್ನು ಯಾರಾದರೂ ಹಾಗೆ ಅಂದಿದ್ದಾರಾ? ಒಂಬತ್ತೂ ಎಕರೆ ಬೇಕು ಅಂತಿರುವವನು ಅವನು.

ಮೇಡಂ, ನನಗೆ 51. ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ. ದಿನಾ ಶೇರ್ ಆಟೋಗೆ ಕಾದು ಕಾದು ಸಾಕಾಗಿದೆ. ಸ್ಕೂಟಿ ಕಲಿಯಬೇಕು ಅಂತ ಆಸೆ. ಮಗ ಬಿದ್ದು ಬಿದ್ದು ನಗುತ್ತಾನೆ. ಓಣಿ ಜನ ಏನಂತಾರೆ ಅಂತ ನನಗೂ ಒಂಥರಾ. ಈ ವಯಸ್ಸಿಗೆ ಆಗುತ್ತಾ? — ಬಳ್ಳಾರಿ

ಆಗುತ್ತದೆ. ದಿನಾ ಎಂಟು ತಾಸು ಮಷಿನ್ ಮೇಲೆ ಕೂತು, ದಪ್ಪ ಡೆನಿಮ್ ಬಟ್ಟೆಯನ್ನು ನೇರ ಗೆರೆಯಲ್ಲಿ ಓಡಿಸುವ ಕೈ ನಿಮ್ಮದು. ಎಲ್ಲಿ ಜೋರು ಬಿಡಬೇಕು, ಎಲ್ಲಿ ತಡೀಬೇಕು ಅಂತ ಆ ಕೈಗೆ ಗೊತ್ತು. ಸ್ಕೂಟಿ ಅದಕ್ಕಿಂತ ಕಷ್ಟ ಅಲ್ಲ. ವಯಸ್ಸಿನ ಮಾತಾದರೆ, ಕೊಪ್ಪಳದ ಹತ್ತಿರ ಮೋರನಾಳದ, ತೊಗಲುಗೊಂಬೆ ಆಡಿಸುವ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ 96. ನಿಮಗಿನ್ನೂ 45 ವರ್ಷ ಟೈಮ್ ಇದೆ.

ನಾನು ಕಲಿತದ್ದು 43ರಲ್ಲಿ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗುತ್ತಿದ್ದೆ, ಬಿಸಿಲಿಗೂ ಮೊದಲು, ಜನಕ್ಕೂ ಮೊದಲು. ನಾಲ್ಕನೇ ದಿನ ಬ್ರೇಕ್ ಅಂತ ಆಕ್ಸಿಲೇಟರ್ ತಿರುವಿ ಬೇವಿನ ಮರಕ್ಕೆ ಹೋಗಿ ಗುದ್ದಿದೆ. ಮೊಣಕೈ ಕಿತ್ತು ಬಂತು, ಎಡಗಡೆ ಕನ್ನಡಿ ಹೋಯಿತು. ಎದುರು ಮನೆ ಯಜಮಾನರು ವಾಕಿಂಗ್ ನಿಲ್ಲಿಸಿ ಬಂದು “ಈ ವಯಸ್ಸಿನ್ಯಾಗ ಯಾಕ್ ಬೇಕಿತ್ರೀ ಮೇಡಂ” ಅಂದರು. ಕನ್ನಡಿ ಹಾಕಿಸಿ ಐದನೇ ದಿನ ಮತ್ತೆ ಹೋದೆ. ಅವರು ಆಮೇಲೆ ಬದಲಾದರು ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ಇವತ್ತಿಗೂ ಗೇಟಿನ ಹತ್ತಿರ ಏನೋ ಅಂತಿರುತ್ತಾರೆ. ನನಗೆ ಕೇಳಿಸುವುದಿಲ್ಲ, ಹೆಲ್ಮೆಟ್ ಹಾಕಿರುತ್ತೇನಲ್ಲ.

ಮೊದಲು ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಸಿ. ಅದು ಆರು ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್‌ಗೆ ಹೋಗಬಹುದು. ಕಲಿಯುವಾಗ ಚೂಡಿದಾರ ಹಾಕಿದರೆ ಒಳ್ಳೆಯದು, ಸೀರೆಯೇ ಅಂದರೆ ಸೆರಗು ಗಟ್ಟಿಯಾಗಿ ಸಿಕ್ಕಿಸಿ. ಗಾಡಿಗೆ ಮುಂದೂ ಹಿಂದೂ ಕೆಂಪು ‘ಎಲ್’ ಇರಲಿ. ಮತ್ತೆ ಎಲ್‌ಎಲ್ ಇರುವಷ್ಟು ದಿನ ಹಿಂದೆ ಕೂರಿಸಿಕೊಳ್ಳಬಹುದಾದದ್ದು ಲೈಸೆನ್ಸ್ ಇದ್ದು ಕಲಿಸುವವರನ್ನು ಮಾತ್ರ. ಮಗನಿಗೆ ಲೈಸೆನ್ಸ್ ಇದೆಯಲ್ವಾ? ಅವನನ್ನೇ ಕೂರಿಸಿಕೊಳ್ಳಿ. ಮೊದಲ ತಿರುವಿಗೇ ನಗು ನಿಲ್ಲುತ್ತದೆ.